ಸೊನ್ನೆ ಹೋಗಿದೆ, ಮೇಡಂ

ಮೇಡಂ ಅವರ ಬಲಗೈ ಕಿರುಬೆರಳು ನೆಟ್ಟಗಾಗುತ್ತಿರಲಿಲ್ಲ. ಮೂವತ್ತು ವರ್ಷ ಟೈಪ್‌ರೈಟರಿನ ಶಿಫ್ಟ್ ಕೀ ಒತ್ತಿ ಒತ್ತಿ ಅದು ಕೊಕ್ಕೆಯ ಹಾಗೆ ಬಾಗಿಕೊಂಡಿತ್ತು. ಕಾಫಿ ಲೋಟ ಎತ್ತಿದರೆ ನಾಲ್ಕು ಬೆರಳು ಲೋಟವನ್ನು ಹಿಡಿಯುತ್ತಿದ್ದವು, ಐದನೆಯದು ತನಗೂ ಕಾಫಿಗೂ ಸಂಬಂಧವೇ ಇಲ್ಲ ಎಂಬಂತೆ ಅಂಗೈಯೊಳಗೆ ಮಲಗಿರುತ್ತಿತ್ತು. ಕಂಪ್ಯೂಟರ್ ಬಂದ ಮೇಲೂ ಅವರು ಕೀಬೋರ್ಡನ್ನು ಟೈಪ್‌ರೈಟರಿನಷ್ಟೇ ಜೋರಾಗಿ ಬಡಿಯುತ್ತಿದ್ದರು. ಹೊರಗೆ ಬೆಂಚಿನ ಮೇಲೆ ಕೂತವರು ಒಳಗೆ ಕೆಲಸ ಮಾಡುತ್ತಿರುವುದು ಮೇಡಮ್ಮೋ ನಾನೋ ಎಂದು ಸದ್ದಿನ ಮೇಲೇ ಹೇಳುತ್ತಿದ್ದರು.

ಪಿಯುಸಿ ಮುಗಿಸಿ ಟೈಪಿಂಗ್ ಕಲಿಯಲು ನಾನು ಅವರ ಬಳಿ ಹೋದೆ. ಆಗ ಚಿಂತಾಮಣಿಯಲ್ಲಿ ಅವರದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಟೈಪ್‌ರೈಟರಿನ ಕಾಲ ಮುಗಿದಾಗ ಅದೇ ಕೋಣೆಯಲ್ಲಿ ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಜೆರಾಕ್ಸ್ ಮೆಷಿನ್ ಇಟ್ಟು ಪತ್ರ ಟೈಪ್ ಮಾಡಿಕೊಡುವ ಅಂಗಡಿ ಮಾಡಿದರು. ಎದುರಿಗೇ ತಾಲ್ಲೂಕು ಕಚೇರಿ, ನೋಂದಣಿ ಕಚೇರಿ. ಕ್ರಯಪತ್ರ, ವಿಭಾಗಪತ್ರ, ಬಾಡಿಗೆ ಕರಾರು, ಅಫಿಡವಿಟ್ಟು, ವಿಲ್ಲು ಎಂದು ದಿನವಿಡೀ ಜನ. ಕಲಿಯಲು ಹೋದವಳು ನಾನು ಅಲ್ಲೇ ಕೆಲಸಕ್ಕೆ ನಿಂತೆ. ಅಂಗಡಿಯಲ್ಲಿ ನಾವಿಬ್ಬರೇ.

ನಾನು ಹುಟ್ಟಾ ಅಂಜುಬುರುಕಿ. ಪ್ರಿಂಟರಿನಲ್ಲಿ ಕೆಂಪು ದೀಪ ಹತ್ತಿದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಪರದೆಯ ಮೇಲೆ ಏನಾದರೂ ಎಚ್ಚರಿಕೆ ಬಂದರೆ ಓದುವ ಮೊದಲೇ “ಮೇಡಂ!” ಎಂದು ಕೂಗುತ್ತಿದ್ದೆ. ಅವರು ಕೂತಲ್ಲಿಂದಲೇ, “ಮೊದ್ಲು ಓದಮ್ಮ, ಆಮೇಲೆ ಹೆದ್ರುಕೊಳ್ಳೋವಂತೆ,” ಎನ್ನುತ್ತಿದ್ದರು. ಓದಿ ನೋಡಿದರೆ ಕಾಗದ ಮುಗಿದಿರುತ್ತಿತ್ತು, ಅಷ್ಟೆ. ಆದರೂ ನಮ್ಮ ಕೆಲಸದಲ್ಲಿ ಹೆದರಿಕೆಗೆ ಕಾರಣವಿರಲಿಲ್ಲ ಎನ್ನುವಂತಿಲ್ಲ. ಸರ್ವೆ ನಂಬರಿನಲ್ಲಿ ಒಂದು ಅಂಕಿ ಹೆಚ್ಚುಕಮ್ಮಿಯಾದರೆ ಯಾರದೋ ಹೊಲ ಯಾರದೋ ಪಾಲಾಗುತ್ತದೆ. ಟೈಪ್ ಮಾಡಿದವರು ಮಾತ್ರ ಮಧ್ಯಾಹ್ನ ಡಬ್ಬಿ ತೆರೆದು ನೆಮ್ಮದಿಯಾಗಿ ಊಟ ಮಾಡಿರುತ್ತಾರೆ. ಅದನ್ನು ನೆನೆದುಕೊಂಡರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಮೇಡಮ್ಮಿಗೆ ಹೆದರಿಕೆ ಇರಲಿಲ್ಲ, ನಾಚಿಕೆ ಇತ್ತು. ಒಂದು ಬೆಳಿಗ್ಗೆ ಎರಡೂ ಕಂಪ್ಯೂಟರಿನ ಪರದೆ ಕಪ್ಪಾಗಿ, ಕಂಪ್ಯೂಟರನ್ನು ನಡೆಸುವ ವ್ಯವಸ್ಥೆ ಅಸಲಿ ಕಾಪಿಯಲ್ಲ ಎಂಬ ಸಾಲು ಮೂಲೆಯಲ್ಲಿ ಬಂತು. ಅದು ಗೊತ್ತಿದ್ದದ್ದೇ. ಕಂಪ್ಯೂಟರ್ ರಿಪೇರಿಗೆ ಬರುವವನು ಜೇಬಿನಿಂದ ಸಿ.ಡಿ. ತೆಗೆದು ಹಾಕಿಕೊಟ್ಟ ಕಳ್ಳ ಕಾಪಿ ಅದು. ಬೀದಿಯ ಎಲ್ಲ ಅಂಗಡಿಗಳಲ್ಲೂ ಅದೇ. ಆದರೆ ಆ ದಿನ ಪತ್ರ ಮಾಡಿಸಲು ಬಂದು ಬೆಂಚಿನ ಮೇಲೆ ಕೂತಿದ್ದ ಪಾರ್ಟಿಯೊಬ್ಬರು ಆ ಸಾಲನ್ನು ಗಟ್ಟಿಯಾಗಿ ಓದಿ ನಕ್ಕುಬಿಟ್ಟರು. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

“ಬೆಳಗಾದ್ರೆ ಸ್ವಯಾರ್ಜಿತ, ಪಿತ್ರಾರ್ಜಿತ ಅಂತ ಟೈಪ್ ಮಾಡ್ತೀವಲ್ಲಮ್ಮ, ಇದು ಎರಡರಲ್ಲಿ ಯಾವ್ದು?” ಎಂದು ನನ್ನನ್ನು ಕೇಳಿದರು.

“ಎಲ್ಲರೂ ಇಟ್ಕೊಂಡಿದಾರೆ ಮೇಡಂ,” ಎಂದೆ.

“ಎಲ್ಲರನ್ನೂ ಕೇಳ್ಲಿಲ್ಲ, ನಿನ್ನನ್ನ ಕೇಳ್ದೆ.”

ದುಡ್ಡು ಕೊಟ್ಟು ಅಸಲಿಯನ್ನೇ ತರೋಣವೆಂದರೆ ಅಂಗಡಿಯ ವರಮಾನ ಅಷ್ಟಿರಲಿಲ್ಲ. ಅದೇ ವಾರ ಬಾಡಿಗೆ ಕರಾರು ಮಾಡಿಸಲು ಬಂದ ಚಿಕ್ಕಬಳ್ಳಾಪುರದ ಕಾಲೇಜು ಮೇಷ್ಟ್ರೊಬ್ಬರು ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಬೇರೊಂದು ವ್ಯವಸ್ಥೆಯ ಬಗ್ಗೆ ಹೇಳಿದರು. ಅದಕ್ಕೆ ದುಡ್ಡು ಕೊಡಬೇಕಿಲ್ಲ, ಯಾರು ಬೇಕಾದರೂ ಬಳಸಬಹುದು, ಒಳಗೆ ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಮೇಡಂ ಪಾರ್ಟಿಯನ್ನು ಪ್ರಶ್ನಿಸುವ ಹಾಗೆಯೇ ಅವರನ್ನು ಪ್ರಶ್ನಿಸಿದರು. ಷರತ್ತೇನು? ತಿದ್ದಿ ಹಂಚುವವರು ತಮಗೆ ಸಿಕ್ಕ ಹಕ್ಕುಗಳನ್ನೆಲ್ಲ ಮುಂದಿನವರಿಗೂ ಕೊಡಬೇಕು, ಅಷ್ಟೆ. ವಾಪಸು ಕೇಳುತ್ತಾರಾ? ಇಲ್ಲ.

“ಹಂಗಂದ್ರೆ ಇದು ದಾನಪತ್ರ,” ಎಂದರು ಮೇಡಂ. ಅವರ ಮಟ್ಟಿಗೆ ಅಲ್ಲಿಗೆ ತೀರ್ಮಾನವಾಗಿಹೋಯಿತು.

ನನಗೆ ಜೀವ ಬಾಯಿಗೆ ಬಂತು. ನಾವು ಕನ್ನಡ ಟೈಪ್ ಮಾಡುತ್ತಿದ್ದ ತಂತ್ರಾಂಶ ಹೊಸ ವ್ಯವಸ್ಥೆಯಲ್ಲಿ ನಡೆಯುವುದಿಲ್ಲ. ಅದೂ ಹೋಗಲಿ, ಇಪ್ಪತ್ತು ವರ್ಷದ ಪತ್ರಗಳೆಲ್ಲ ಹಳೆಯ ಫಾಂಟಿನಲ್ಲಿದ್ದವು. ಹಳೆಯ ಫಾಂಟೆಂದರೆ ಕಂಪ್ಯೂಟರಿನ ಮಟ್ಟಿಗೆ ಒಳಗಿರುವುದು ಪರಂಗಿ ಅಕ್ಷರಗಳೇ, ಮೇಲೆ ಕನ್ನಡದ ವೇಷ. ವೇಷ ಕಳಚಿದರೆ ಕ್ರಯಪತ್ರವೊಂದು ತಲೆಯ ಮೇಲೆ ಟೋಪಿ, ಚುಕ್ಕಿ, ಕೋಡು ಹೊತ್ತ ಅಕ್ಷರಗಳ ಗುಂಪಾಗಿ ನಿಲ್ಲುತ್ತದೆ. ನಮ್ಮ ಕಸುಬಿನವರು ಯಾವ ಪತ್ರವನ್ನೂ ಹೊಸದಾಗಿ ಬರೆಯುವುದಿಲ್ಲ; ಹಳೆಯದನ್ನು ತೆರೆದು ಹೆಸರು, ಊರು, ನಂಬರು ಬದಲಿಸುತ್ತೇವೆ. ಆ ಹಳೆಯ ಪತ್ರಗಳೇ ಹೋದರೆ ನಮ್ಮ ಕೈಯೇ ಹೋದ ಹಾಗೆ. ಇದನ್ನೆಲ್ಲ ಮೇಡಮ್ಮಿಗೆ ಹೇಳಿ, “ಬೇಡ ಮೇಡಂ, ನಂಗೆ ಭಯ ಆಗ್ತದೆ,” ಎಂದೆ. ಪತ್ರಗಳನ್ನು ನಿಜವಾದ ಕನ್ನಡಕ್ಕೆ ಬದಲಿಸಿಕೊಡುವ ಪರಿವರ್ತಕವೊಂದು ಇದೆಯೆಂದು ಅವರು ಆಗಲೇ ಮೇಷ್ಟ್ರಿಂದ ತಿಳಿದುಕೊಂಡಿದ್ದರು. ಆ ಕೆಲಸವನ್ನು ನನ್ನ ಕೈಗೇ ಕೊಟ್ಟರು.

ಇಲ್ಲಿ ಸೊನ್ನೆಯ ವಿಷಯ ಹೇಳಬೇಕು. ನಮ್ಮ ಇನ್‌ಸ್ಟಿಟ್ಯೂಟಿನ ಟೈಪ್‌ರೈಟರುಗಳಲ್ಲಿ ಅಂಕಿಯ ಸೊನ್ನೆಗೆ ಬೇರೆ ಕೀ ಇರಲಿಲ್ಲ. ‘ಅಂಗಡಿ’ಯ ಸೊನ್ನೆ ಯಾವುದೋ ‘ಹತ್ತು’ ಬರೆಯುವಾಗಿನ ಸೊನ್ನೆಯೂ ಅದೇ. “ಎರಡೂ ದುಂಡಗೇ ಇರೋದು, ಎರಡನ್ನೂ ಸೊನ್ನೆ ಅಂತಾನೇ ಅನ್ನೋದು, ಒಂದೇ ಬೆರಳಲ್ಲಿ ಹೊಡೀರಿ,” ಎಂದು ಮೇಡಂ ಪಾಠ ಹೇಳುತ್ತಿದ್ದರು. ಕನ್ನಡದ ಪತ್ರದಲ್ಲಿ ಅಂಕಿಯೂ ಕನ್ನಡದ್ದೇ ಇರಬೇಕೆಂಬುದು ಅವರ ಹಟ. ಹಾಗಾಗಿ ಕಂಪ್ಯೂಟರಿನಲ್ಲೂ ನಾವಿಬ್ಬರೂ ಒಂದು ಹೊಡೆದು, ಅಕ್ಷರದ ಸೊನ್ನೆ ಹೊಡೆದು, ನಾಲ್ಕು ಹೊಡೆದು ‘ನೂರಾ ನಾಲ್ಕು’ ಮಾಡುತ್ತಿದ್ದೆವು. ಕಾಗದದ ಮೇಲೆ ಯಾರಿಗೂ ವ್ಯತ್ಯಾಸ ಕಾಣುತ್ತಿರಲಿಲ್ಲ.

ಪರಿವರ್ತಕಕ್ಕೆ ಕಂಡಿತು. ಅಂಕಿಯ ಪಕ್ಕ ಕೂತ ಅಕ್ಷರದ ಸೊನ್ನೆಗೆ ಅಂಟಿಕೊಳ್ಳಲು ಅಕ್ಷರವಿಲ್ಲದೆ, ಪರದೆಯ ಮೇಲೆ ಅಲ್ಲಲ್ಲಿ ಚುಕ್ಕಿಗಳ ಬಳೆಯೊಂದು ಮೂಡಿತು. ನಾನು ಅದನ್ನು ಕಸ ಎಂದುಕೊಂಡೆ. ಒತ್ತು, ದೀರ್ಘಗಳೂ ಕೆಲವು ಕಡೆ ಹಾಗೇ ಒಂಟಿಯಾಗಿ ಬಿದ್ದಿದ್ದವು. ಕೊನೆಯಲ್ಲಿ ಪರಿವರ್ತಕ ಒಂದು ಪ್ರಶ್ನೆ ಕೇಳಿತು: ಅಕ್ಷರಕ್ಕೆ ಸೇರದ ಚಿಹ್ನೆಗಳನ್ನು ಅಳಿಸಲೇ? ಮೇಡಂ ಬ್ಯಾಂಕಿಗೆ ಹೋಗಿದ್ದರು. ಅವರು ಬಂದು ಆ ಬಳೆಗಳನ್ನು ನೋಡಿದರೆ ನನ್ನ ಕೆಲಸ ಕೆಟ್ಟಿತೆಂದು ಬೈಯುತ್ತಾರೆ ಎಂದು ಹೆದರಿ ‘ಹೌದು’ ಒತ್ತಿದೆ. ಬಳೆಗಳೆಲ್ಲ ಮಾಯವಾದವು. ಪತ್ರಗಳು ತೊಳೆದಿಟ್ಟ ಹಾಗಿದ್ದವು. ಮೇಡಂ ಬಂದು ನೋಡಿ, “ಪರ್ವಾಗಿಲ್ಲ ಕಣೇ, ಗಟ್ಟಿಗಿತ್ತಿ,” ಎಂದರು.

ಎಂಟು ದಿನ ಚೆನ್ನಾಗಿ ನಡೆಯಿತು. ಒಂಬತ್ತನೆಯ ದಿನ ಒಬ್ಬರು ತಮ್ಮ ಹಳೆಯ ಕರಾರಿನ ಇನ್ನೊಂದು ಪ್ರತಿ ಕೇಳಿಕೊಂಡು ಬಂದರು. ಅವರ ಕೈಯಲ್ಲಿದ್ದ ಕಾಗದದಲ್ಲಿ ಮನೆ ನಂಬರು ೧೦೮. ನನ್ನ ಪರದೆಯಲ್ಲಿ ೧೮. ಇನ್ನೊಂದು ಪತ್ರ ತೆರೆದೆ, ಮತ್ತೊಂದು ತೆರೆದೆ. ಎಲ್ಲೆಲ್ಲಿ ಸೊನ್ನೆ ಇರಬೇಕೋ ಅಲ್ಲೆಲ್ಲ ಎಡಬಲದ ಅಂಕಿಗಳು ಒಂದಕ್ಕೊಂದು ಅಂಟಿಕೊಂಡು ಏನೂ ಆಗಿಲ್ಲವೆಂಬಂತೆ ಕೂತಿದ್ದವು.

“ಸೊನ್ನೆ ಹೋಗಿದೆ, ಮೇಡಂ,” ಎಂದೆ. ಅಳಿಸಿದೆ ಎನ್ನಲಿಲ್ಲ. ಹೋಗಿದೆ ಎಂದೆ.

ಮೇಡಂ ನನ್ನ ಕುರ್ಚಿಯಲ್ಲಿ ಕೂತು ಪತ್ರಗಳನ್ನು ಒಂದೊಂದಾಗಿ ತೆರೆದು ನೋಡಿದರು. ಯಾರು, ಹೇಗೆ ಎಂದು ಕೇಳಲೇ ಇಲ್ಲ. ಆ ಎಂಟು ದಿನಗಳಲ್ಲಿ ಹೊರಗೆ ಹೋದ ಪತ್ರಗಳ ಪಟ್ಟಿ ಮಾಡಿಸಿದರು. ಹೆಚ್ಚಿನವು ಕಚೇರಿಯಲ್ಲಿ ಪಹಣಿಯ ಜೊತೆ ತಾಳೆಯಾಗಬೇಕಾದವು; ಫೋನ್ ಮಾಡಿ ತರಿಸಿಕೊಂಡು ತಿದ್ದಿಕೊಡಬಹುದಿತ್ತು. ಒಂದು ಮಾತ್ರ ಯಾವ ಕಚೇರಿಗೂ ಹೋಗದೆ ಯಾರದೋ ಪೆಟ್ಟಿಗೆಗೆ ಹೋಗಿತ್ತು. ಅದು ಮುರುಗಮಲ್ಲದ ಆಚೆಯ ಹಳ್ಳಿಯ ಅಜ್ಜಮ್ಮನ ವಿಲ್ಲು.

ಆ ಅಜ್ಜಮ್ಮ ಬಂದಿದ್ದು ನನಗೆ ಚೆನ್ನಾಗಿ ನೆನಪಿತ್ತು. ಇಬ್ಬರು ಮಕ್ಕಳಲ್ಲಿ ಚಿಕ್ಕವನು ತೀರಿಹೋಗಿದ್ದ. ಅವನ ಹೆಂಡತಿಗೆ ಮಕ್ಕಳಿರಲಿಲ್ಲ. ತವರಿಗೆ ಹೋಗದೆ ಅತ್ತೆಯನ್ನು ನೋಡಿಕೊಂಡು, ಅತ್ತೆಯ ಸ್ವಂತ ಹೆಸರಿನ ಹೊಲದಲ್ಲಿ ಹಿಪ್ಪುನೇರಳೆ ಹಾಕಿ ರೇಷ್ಮೆಹುಳು ಸಾಕುತ್ತಿದ್ದಳು. ಗೂಡು ಶಿಡ್ಲಘಟ್ಟಕ್ಕೆ ಹೋಗುತ್ತಿತ್ತು. ಅತ್ತೆ ಕಣ್ಣುಮುಚ್ಚಿದರೆ ಕಾನೂನಿನ ಪ್ರಕಾರ ಆ ಹೊಲವೆಲ್ಲ ದೊಡ್ಡ ಮಗನಿಗೆ ಹೋಗುತ್ತದೆ, ಸೊಸೆಗೆ ಬಿಡಿಗಾಸೂ ಇಲ್ಲ. ಆ ಹೊಲ ಸೊಸೆಗೆ ಸೇರಬೇಕೆಂದು ಅಜ್ಜಮ್ಮ ವಿಲ್ಲು ಬರೆಸಿದ್ದರು. ನಮ್ಮಲ್ಲಿ ಪತ್ರವನ್ನು ಓದಿ ಹೇಳಿಯೇ ಸಹಿ ತೆಗೆದುಕೊಳ್ಳುವುದು. ಹೊಲದ ವಿವರವನ್ನು ನಮ್ಮಲ್ಲಿದ್ದ ಅವರದೇ ಹಳೆಯ ಪತ್ರವೊಂದರಿಂದ ಎತ್ತಿ ಹಾಕಿದ್ದರಿಂದ, ನೂರಾ ನಾಲ್ಕು ಇರಬೇಕಾದಲ್ಲಿ ನಾನು ‘ಸರ್ವೆ ನಂಬರ್ ಹದಿನಾಲ್ಕು’ ಎಂದು ಓದಿದ್ದೆ, ಅವರು ತಲೆಯಾಡಿಸಿದ್ದರು. ಅವರಿಗೆ ಅದು ನಂಬರಲ್ಲ, ಹುಣಸೇಮರದ ಹೊಲ.

“ಚೆಕ್ಕುಬಂದಿ ಸರಿ ಇದೆಯಲ್ಲ ಮೇಡಂ,” ಎಂದೆ. ಹೊಲದ ನಾಲ್ಕೂ ಕಡೆ ಯಾರ ಯಾರ ಜಮೀನಿದೆ ಎಂಬ ವಿವರ ಅದು. “ಅದನ್ನ ನೋಡಿ ಕೋರ್ಟು ಒಪ್ಪಬಹುದು.”

“ಒಪ್ಪಬಹುದು ಅನ್ನೋದರ ಮೇಲೆ ಒಂದು ಹೆಂಗಸಿನ ಅನ್ನ ಇಡಕ್ಕಾಗಲ್ಲಮ್ಮ. ಹೊಸದು ಟೈಪ್ ಮಾಡು. ಇಂಕ್ ಪ್ಯಾಡ್ ತಗೊ. ಹೋಗಣ.”

ಮುರುಗಮಲ್ಲದವರೆಗೆ ಬಸ್ಸು, ಅಲ್ಲಿಂದ ಶೇರ್ ಆಟೋ. ಬಸ್ಸಿನ ತುಂಬ ದರ್ಗಾಕ್ಕೆ ಹೊರಟ ಜನ, ಮಡಿಲಲ್ಲಿ ಗುಲಾಬಿ, ಸಕ್ಕರೆ. ನಾನು ಕಿಟಕಿಯ ಕಂಬಿ ಹಿಡಿದು, ಅಜ್ಜಮ್ಮ ಬದುಕಿರಲಿ ಎಂದು ಕಂಡ ದೇವರನ್ನೆಲ್ಲ ಬೇಡಿಕೊಳ್ಳುತ್ತಿದ್ದೆ. ಜ್ವರ ಬಂದು ಮಲಗಿದ್ದಾರೆಂದು ಫೋನಿನಲ್ಲಿ ಸೊಸೆ ಹೇಳಿದ್ದಳು. ವಿಲ್ಲು ಬರೆಸಿದವರು ಹೋದರೆ ಅದರಲ್ಲಿನ ಒಂದು ಚುಕ್ಕಿಯನ್ನೂ ಯಾರೂ ತಿದ್ದುವಂತಿಲ್ಲ. ಆಟೋ ಒಂದೊಂದು ಹಳ್ಳದಲ್ಲಿ ಇಳಿದಾಗಲೂ ಈ ಹೊತ್ತಿಗೆ ಅವರು ಹೋಗಿಬಿಟ್ಟಿದ್ದರೆ ಎನ್ನಿಸುತ್ತಿತ್ತು.

ಮನೆ ಮುಂದೆ ದೊಡ್ಡ ಮಗ ಟೆಂಪೋಗೆ ಟೊಮ್ಯಾಟೊ ಬಾಕ್ಸು ತುಂಬಿಸುತ್ತಿದ್ದ. ಮೇಡಮ್ಮನ್ನು ಗುರುತು ಹಿಡಿದ.

“ಏನ್ ಮೇಡಂ, ಇಷ್ಟು ದೂರ?”

“ನಮ್ಮ ಅಂಗಡೀಲಿ ಒಂದು ಟೈಪಿಂಗ್ ತಪ್ಪಾಗಿದೆಯಪ್ಪ. ನಿಮ್ಮ ತಾಯಿಯವರನ್ನ ನೋಡ್ಬೇಕು.”

“ಯಾವ ಪೇಪರು?”

“ಅದು ಅವರ ಪೇಪರು. ಕೇಳೋದಿದ್ರೆ ಅವರನ್ನೇ ಕೇಳ್ಬೇಕು, ನಾನು ಹೇಳೋ ಹಂಗಿಲ್ಲ.”

ಅವನು ಬಾಕ್ಸು ಕೆಳಗಿಟ್ಟ. ನನಗೆ ಅಲ್ಲಿಂದಲೇ ಓಡಿಹೋಗಬೇಕೆನ್ನಿಸಿತು. ಯಾರದು, ಬಾರಮ್ಮ ಎಂದು ತೆಲುಗು ಬೆರೆಸಿ ಕರೆಯುವ ಅಜ್ಜಮ್ಮನ ದನಿ ಒಳಗಿಂದ ಬಂತು: “ಎವರದಿ? ಟೈಪು ಮೇಡಮ್ಮಾ? ರಾಮ್ಮಾ, ಒಳಗ್ ಬಾ.”

ಅವರು ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕಣ್ಣು ಗುಳಿಬಿದ್ದಿದ್ದರೂ ನೋಟ ಚುರುಕಾಗಿತ್ತು. ಸೊಸೆ ಹುಳುವಿಗೆ ಸೊಪ್ಪು ಹಾಕುತ್ತಿದ್ದವಳು ಹಸಿರಾದ ಕೈಯಲ್ಲೇ ಬಂದು ನಿಂತಳು. ದೊಡ್ಡ ಮಗ ಹಿಂದೆಯೇ ಬಂದು ಬಾಗಿಲಿಗೆ ಅಡ್ಡ ನಿಂತ. ಮೇಡಂ ಕಾಗದ ತೆಗೆದು, ಅಜ್ಜಮ್ಮನ ಕಿವಿಯ ಹತ್ತಿರ ಬಾಗಿ, “ಇದನ್ನ ಓದ್ಬೇಕು. ಇವರೆಲ್ಲ ಹೊರಗೆ ಹೋಗ್ಲಾ?” ಎಂದರು.

“ಇರ್ಲಿ ಬಿಡಮ್ಮ. ನಾನು ಬದುಕಿರೋವಾಗ್ಲೇ ಕೇಳಿಸ್ಕೊಂಡ್ರೆ ನನ್ನ ಜೊತೇಲೇ ಜಗಳ ಆಡ್ತಾನೆ. ಆಮೇಲೆ ಕೇಳಿಸ್ಕೊಂಡ್ರೆ ಈ ಹೆಣ್ಣಿನ ಜೊತೆ ಆಡ್ತಾನೆ. ಓದು.”

ಮೇಡಂ ತರಗತಿಯಲ್ಲಿ ಓದುವ ಹಾಗೆ ಓದಿದರು, ಒಂದಕ್ಷರವನ್ನೂ ನುಂಗದೆ. ಸರ್ವೆ ನಂಬರ್ ನೂರಾ ನಾಲ್ಕು ಎಂದಾಗ ದೊಡ್ಡ ಮಗ ಕೇಳಿದ: “ಮೊದಲ್ನೇ ಪೇಪರಲ್ಲಿ ಎಷ್ಟಿತ್ತು?”

“ಹದಿನಾಲ್ಕು,” ಎಂದರು ಮೇಡಂ. “ತಪ್ಪು ನನ್ನದು.”

ನಾವು ಬರದೇ ಇದ್ದಿದ್ದರೆ ಆ ಹೊಲ ಸುಮ್ಮನೆ ತನ್ನ ಕೈಗೆ ಬರುತ್ತಿತ್ತೆಂದು ಅವನಿಗೆ ಆ ಗಳಿಗೆಯಲ್ಲೇ ಹೊಳೆಯಿತು. ಮುಖ ಕಪ್ಪಿಟ್ಟಿತು. “ಈ ಪೇಪರಿಗೆ ಊರಲ್ಲಿ ಯಾರು ಸಾಕ್ಷಿ ಹಾಕ್ತಾರೋ ನೋಡ್ತೀನಿ,” ಎಂದು ಹೊರಗೆ ಹೋದ. ಮೊದಲ ವಿಲ್ಲಿಗೆ ಸಾಕ್ಷಿ ಹಾಕಿದ್ದವರು ಪಕ್ಕದ ಮನೆಯವರೇ. ಸೊಸೆ ಹೋಗಿ ಕರೆದಳು. ಒಬ್ಬರಿಗೆ ಸೊಂಟ ಹಿಡಿದಿತ್ತು, ಇನ್ನೊಬ್ಬರು ಮನೆಯಲ್ಲೇ ಇರಲಿಲ್ಲವಂತೆ.

ಅಜ್ಜಮ್ಮ ಹೆಬ್ಬೆಟ್ಟು ಒತ್ತಿದರು. ಮೇಡಂ ಮೊದಲ ಸಾಕ್ಷಿಯಾಗಿ ಸಹಿ ಹಾಕಿ ಕಾಗದವನ್ನು ನನ್ನ ಕಡೆ ತಿರುಗಿಸಿದರು. ‘ಸಾಕ್ಷಿಗಳು’ ಎಂಬ ಪದವನ್ನು ನಾನು ಎಷ್ಟು ಸಾವಿರ ಸಲ ಟೈಪ್ ಮಾಡಿದ್ದೆನೋ. ಅದರ ಕೆಳಗಿನ ಗೆರೆಯ ಮೇಲೆ ಒಮ್ಮೆಯೂ ನನ್ನ ಹೆಸರು ಬಂದಿರಲಿಲ್ಲ. ಸಹಿ ಹಾಕಿದರೆ ಒಂದಲ್ಲ ಒಂದು ದಿನ ಕೋರ್ಟಿನಿಂದ ಕರೆ ಬರುತ್ತದೆ. ಹೊರಗೆ ದೊಡ್ಡ ಮಗ ಯಾರಿಗೋ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದ. ಪೆನ್ನಿನ ಕ್ಯಾಪು ತೆಗೆದವಳು ಮತ್ತೆ ಹಾಕಿದೆ.

“ನೀನು ನೋಡಿದ್ದೀಯ. ನೋಡಿದ್ದೀನಿ ಅಂತ ಬರೆಯೋದಷ್ಟೇ,” ಎಂದರು ಮೇಡಂ ಮೆಲ್ಲಗೆ.

ಹಾಕಿದೆ. ಅದು ನನ್ನ ಸಹಿಯ ಹಾಗಿರಲಿಲ್ಲ, ಆದರೂ ನನ್ನದೇ. ಮೊದಲಿನ ವಿಲ್ಲನ್ನು ಹರಿದುಹಾಕಲೇ ಎಂದು ಸೊಸೆ ಕೇಳಿದಳು. “ಬೇಡ, ಜೊತೇಲೇ ಇಡಿ. ತಪ್ಪನ್ನ ಬಚ್ಚಿಟ್ರೆ ಅನುಮಾನ ಬರುತ್ತೆ,” ಎಂದರು ಮೇಡಂ.

ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. “ಮೇಡಂ, ಆ ‘ಹೌದು’ ಒತ್ತಿದ್ದು ನಾನು. ನಿಮಗೆ ಹೇಳದೆ ಒತ್ತಿದೆ,” ಎಂದು ಅತ್ತುಬಿಟ್ಟೆ.

“ನೀನಲ್ದೆ ಇನ್ಯಾರಮ್ಮ ಒತ್ತಕ್ಕೆ, ಅಂಗಡೀಲಿ ಇರೋದೇ ಇಬ್ರು,” ಎಂದು ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ, “ಎರಡು ಸೊನ್ನೇನೂ ಒಂದೇ ಅಂತ ಹೇಳ್ಕೊಟ್ಟಿದ್ದು ಯಾರು? ನಾನು. ಅದಕ್ಕೇ ನನ್ನದು ಅಂದೆ,” ಎಂದರು.

ಹಳೆಯ ವ್ಯವಸ್ಥೆಗೇ ಹಿಂತಿರುಗೋಣ ಎಂದು ಬೇಡಿಕೊಂಡೆ. ಅವರು ಒಪ್ಪಲಿಲ್ಲ. “ಹಳೇದರಲ್ಲಿ ತಪ್ಪು ಇರ್ಲಿಲ್ಲ ಅನ್ಕೊಂಡ್ಯಾ? ಇಪ್ಪತ್ತು ವರ್ಷದಿಂದ ಅಲ್ಲೇ ಕೂತಿತ್ತು, ಕಾಣ್ತಿರ್ಲಿಲ್ಲ ಅಷ್ಟೆ. ಇದು ಸುತ್ತ ಬಳೆ ಹಾಕಿ ತೋರಿಸ್ತು. ತೋರಿಸಿದ್ದನ್ನ ನೀನು ಅಳಿಸ್ದೆ.” ಮರುದಿನದಿಂದ ಹಳೆಯ ಪತ್ರಗಳನ್ನು ಮತ್ತೆ ಪರಿವರ್ತಿಸಿ, ಒಂದೊಂದು ಸೊನ್ನೆಯನ್ನೂ ಕೈಯಿಂದ ತಿದ್ದಿದೆವು. ಎರಡು ತಿಂಗಳು ಹಿಡಿಯಿತು. ಅಂದಿನಿಂದ ನಮ್ಮ ಅಂಗಡಿಯಲ್ಲಿ ನಂಬರುಗಳನ್ನು ಅಂಕಿಯಲ್ಲಿ ಬರೆದು ಪಕ್ಕದಲ್ಲೇ ಅಕ್ಷರದಲ್ಲೂ ಬರೆಯುತ್ತೇವೆ.

ಆ ಎರಡು ತಿಂಗಳು ಮುಗಿಯುವ ಹೊತ್ತಿಗೆ ಅಜ್ಜಮ್ಮ ತೀರಿಕೊಂಡರು. ದೊಡ್ಡ ಮಗ ಕೇಸು ಹಾಕಿದ. ಮರುವರ್ಷ ಒಂದು ಬೆಳಿಗ್ಗೆ ಅಂಗಡಿಗೆ ಹೊರಟು, ಚಪ್ಪಲಿ ಮೆಟ್ಟಲು ಕುರ್ಚಿಯಲ್ಲಿ ಕೂತ ಮೇಡಂ ಮತ್ತೆ ಏಳಲಿಲ್ಲ. ಬೀಗದ ಕೈ ನನ್ನ ಕೈಗೆ ಬಂತು. ಅದಾಗಿ ಮೂರು ತಿಂಗಳಿಗೆ ಸಮನ್ಸು ಬಂತು. ಇಬ್ಬರು ಸಾಕ್ಷಿಗಳಲ್ಲಿ ಉಳಿದವಳು ನಾನೊಬ್ಬಳೇ.

ಕಟಕಟೆ ಹತ್ತಿದೆ. ಎದುರು ಪಕ್ಷದ ವಕೀಲರು ಎರಡೂ ವಿಲ್ಲುಗಳನ್ನು ಎತ್ತಿ ಹಿಡಿದರು. “ಇದ್ರಲ್ಲಿ ಹದಿನಾಲ್ಕು, ಕೆಲವೇ ದಿನ ಆದ್ಮೇಲೆ ಇದ್ರಲ್ಲಿ ನೂರಾ ನಾಲ್ಕು. ಅಜ್ಜಿಗೆ ಜ್ವರ. ಟೈಪ್ ಮಾಡ್ದೋರೂ ನೀವೇ, ಸಾಕ್ಷಿನೂ ನೀವೇ. ಕಂಪ್ಯೂಟರಿಂದ ಸೊನ್ನೆ ತಾನೇ ಎದ್ದು ಹೋಯ್ತಾ? ತಪ್ಪು ಯಾರದು ಹೇಳಿ.”

‘ಮೇಡಂದು’ ಎಂದರೆ ಮುಗಿಯುತ್ತಿತ್ತು. ಅವರೇ ಹಾಗೆ ಹೇಳಿದ್ದರು. ಕೇಳಿಸಿಕೊಂಡ ದೊಡ್ಡ ಮಗ ನನ್ನೆದುರೇ ಕೂತಿದ್ದ. ನನ್ನದೆಂದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಗುತ್ತದೆ, ನಾಳೆಯಿಂದ ಯಾವ ಪಾರ್ಟಿ ನನ್ನ ಕೈಗೆ ಪಹಣಿ ಕೊಡುತ್ತಾನೆ? ಆದರೆ ಏನಾಯಿತೆಂದು ಕಣ್ಣಾರೆ ಕಂಡವಳು ನಾನೊಬ್ಬಳೇ. ಅದನ್ನು ಇದ್ದದ್ದು ಇದ್ದ ಹಾಗೆ ಹೇಳದೆ ಹೋದರೆ ಎರಡನೆಯ ವಿಲ್ಲೇ ಕಟ್ಟುಕತೆಯಾಗುತ್ತದೆ, ಸೊಸೆ ಬೀದಿಗೆ ಬೀಳುತ್ತಾಳೆ.

“ನನ್ನದು ಸ್ವಾಮಿ. ಸೊನ್ನೆ ಅಳಿಸಿದ್ದು ನಾನು. ಬೈತಾರೆ ಅಂತ ಹೆದ್ರಿ, ಮೇಡಮ್ಗೆ ಹೇಳ್ದೆ ಅಳಿಸ್ದೆ.”

ಜಡ್ಜ್ ಸಾಹೇಬರು ಟೈಪಿಸ್ಟಿಗೆ ಹೇಳಿ ಬರೆಸತೊಡಗಿದರು: “ಸದರಿ ಸೊನ್ನೆಯನ್ನು ನಾನೇ ಅಳಿಸಿರುತ್ತೇನೆ...” ಟೈಪಿಸ್ಟ್ ಬೆರಳು ನಿಲ್ಲಿಸಿ ತಲೆಯೆತ್ತಿದರು. “ಸಾರ್, ಯಾವ ಸೊನ್ನೆ? ಅಂಕಿದಾ, ಅಕ್ಷರದ್ದಾ?”

ಕೋರ್ಟಿನಲ್ಲಿ ಯಾರೋ ನಕ್ಕರು. ಸಾಹೇಬರು ನಗಲಿಲ್ಲ, ನನ್ನ ಕಡೆ ತಿರುಗಿ ಮೊದಲಿನಿಂದ ಹೇಳಿ ಎಂದರು. ಹೇಳಿದೆ. ಅರ್ಧ ಗಂಟೆ ಹಿಡಿಯಿತು.

ತೀರ್ಪು ಇನ್ನೂ ಬಂದಿಲ್ಲ. ಪ್ರತಿ ವಾಯಿದೆಯ ದಿನವೂ ಅಂಗಡಿಗೆ ಬೀಗ ಹಾಕಿ ಕೋರ್ಟಿಗೆ ಹೋಗಿ ಬರುತ್ತೇನೆ. ಸೊಸೆ ಅದೇ ಹೊಲದಲ್ಲಿ ಸೊಪ್ಪು ಕೊಯ್ಯುತ್ತಿದ್ದಾಳೆ. ನನ್ನ ತಪ್ಪನ್ನು ಮೇಡಂ ತಮ್ಮ ಹೆಸರಿಗೆ ಬರೆಸಿಕೊಂಡು ಹೋಗಿದ್ದರು. ಸಾಕ್ಷಿ ಹೇಳಿದ ಆ ದಿನ ನನ್ನ ಹೇಳಿಕೆಯ ಕೆಳಗೆ ಸಹಿ ಹಾಕಿ, ಅದನ್ನು ನನ್ನ ಹೆಸರಿಗೆ ಮಾಡಿಸಿಕೊಂಡು ಹೊರಗೆ ಬಂದೆ.